ನೆರೆಯವರ ಜೀವ ಕಾಯ್ದವರು: ಯುರೋಪಿನ ಸಾಕ್ಷ್ಯ, ಭೀಮಾತೀರದ ಪ್ರಶ್ನೆ



ಪರರ ಜೀವ ಉಳಿಸಲು ತಮ್ಮ ಜೀವವನ್ನು ಪಣಕ್ಕಿಟ್ಟ ಸಾಮಾನ್ಯ ಜನರನ್ನು ಇಂದಿನ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಆಡಳಿತವೂ ಅದರ ಸಹಚರರೂ ಸೇರಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅವರಲ್ಲಿ ಸುಮಾರು 15 ಲಕ್ಷ ಮಕ್ಕಳಿದ್ದರು. ಅದೇ ವರ್ಷಗಳಲ್ಲಿ, ಅದೇ ಊರುಗಳಲ್ಲಿ, ರೈತರು, ದಾದಿಯರು, ಮೀನುಗಾರರು, ಶಾಲಾ ಮಾಸ್ತರರು, ಪಾದ್ರಿಗಳು ಕೆಲವು ಯಹೂದಿಗಳನ್ನು ಬಚ್ಚಿಟ್ಟು ಉಳಿಸಿದರು. ಇಸ್ರೇಲಿನ ಯಾದ್ ವಾಶೆಂ ಸಂಸ್ಥೆ 1963ರಿಂದ ಇಂಥವರನ್ನು ಗುರುತಿಸಿ ಗೌರವಿಸುತ್ತ ಬಂದಿದೆ. ಅದರ ಪಟ್ಟಿಯಲ್ಲಿ ಈಗ 28,000ಕ್ಕೂ ಹೆಚ್ಚು ಹೆಸರುಗಳಿವೆ. ಈ ಸಂಗತಿಯನ್ನು ವಿಜಯಪುರ ಜಿಲ್ಲೆಯ ಈ ಸಭೆಯಲ್ಲಿ ಮಾತಾಡಲು ಕಾರಣವಿದೆ. 1948ರಲ್ಲಿ ಇಂಡಿ, ಸಿಂದಗಿ ಸೀಮೆಯ ಭೀಮಾ ನದಿ, ಮುದ್ದೇಬಿಹಾಳ ಸೀಮೆಯ ಕೃಷ್ಣಾ ನದಿ ಬರಿಯ ಹೊಳೆಗಳಾಗಿರಲಿಲ್ಲ, ಎರಡು ಆಡಳಿತಗಳ ಗಡಿಯಾಗಿದ್ದವು. ಈ ದಂಡೆ ಮುಂಬಯಿ ಪ್ರಾಂತ, ಆ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನ. ಆ ವರ್ಷ ಆ ದಂಡೆಯ ಕನ್ನಡ ನಾಡಿನಲ್ಲಿ ನೆರೆಯವನು ನೆರೆಯವನನ್ನು ಕೊಂದದ್ದೂ ಉಂಟು, ನೆರೆಯವನು ನೆರೆಯವನನ್ನು ಕಾಯ್ದದ್ದೂ ಉಂಟು. ಕೊಂದ ಕಥೆಯನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟು ನೆನಪಿಟ್ಟುಕೊಂಡಿದ್ದಾರೆ. ಕಾಯ್ದ ಕಥೆ ಬಹುಮಟ್ಟಿಗೆ ಹೆಸರಿಲ್ಲದೆ ಉಳಿದಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತುಗಳನ್ನು ನೀವು ಅದರ ಮೇಲೆ ಒರೆಹಚ್ಚಿ ನೋಡಬಹುದು. ಇಂಥ ರಕ್ಷಕರನ್ನು ನಾವು ಸಂತರ ಸಾಲಿನಲ್ಲಿ ಕೂರಿಸಿ ಕೈಮುಗಿದು ಮುಂದೆ ಹೋಗುತ್ತೇವೆ. ಸಾಕ್ಷ್ಯ ಬೇರೆ ಮಾತು ಹೇಳುತ್ತದೆ. ಕೇಡುಗಾಲದಲ್ಲಿ ತೋರಿದ ಧೈರ್ಯದ ಬಹುಪಾಲು ಶಾಂತಿಕಾಲದಲ್ಲಿ ಬೆಳೆದ ಒಡನಾಟದಿಂದ, ಅದರಲ್ಲೂ ಕೆಲಸದ ಒಡನಾಟದಿಂದ, ಹುಟ್ಟಿದ್ದು. ಈ ವಾದವನ್ನು ಸ್ಥಾಪಿಸಲು ಮೂರು ಹಂತದಲ್ಲಿ ಮಾತಾಡುತ್ತೇನೆ. ಒಬ್ಬರನ್ನು ಬಚ್ಚಿಟ್ಟು ಉಳಿಸುವುದು ನಿಜವಾಗಿ ಎಂಥ ಕೆಲಸ ಎಂಬುದು ಮೊದಲು. ಅದನ್ನು ಮಾಡಿದವರು ಯಾರು, ಯಾಕೆ ಮಾಡಿದರು ಎಂಬುದು ಆಮೇಲೆ. ಮೂರನೆಯದಾಗಿ 1948ರ ನಮ್ಮ ನೆರೆಯ ಜಿಲ್ಲೆಗಳಿಗೆ ಬಂದು, ಈ ವಾದಕ್ಕೆ ಎದುರಾಗುವ ಆಕ್ಷೇಪಗಳಿಗೆ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.

ಆಶ್ರಯ ಕೊಡುವುದಕ್ಕೂ ಜೀವ ಪಣಕ್ಕಿಡುವುದಕ್ಕೂ ಇರುವ ಅಂತರವನ್ನು ಮೊದಲು ಗುರುತಿಸಿಕೊಳ್ಳಬೇಕು. ಆಶ್ರಯ ಕೊಟ್ಟ ಉದಾಹರಣೆಗಳು ನಮ್ಮ ಹತ್ತಿರವೇ ಇವೆ. ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳೆದುಕೊಂಡ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅಲ್ಲಿನ ಮುಖ್ಯ ವಾಸ್ತುಶಿಲ್ಪಿಯಾದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಾಸ್ತುಶಿಲ್ಪಿ ಕಟ್ಟಿದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು ಶಿಬಿರದಲ್ಲಿದ್ದರು. ಇವು ನಾವು ಹೆಮ್ಮೆಪಡಬೇಕಾದ ಸಂಗತಿಗಳು. ಆದರೆ ಆಶ್ರಯ ಕೊಟ್ಟವರ ಕೊರಳಿಗೆ ಇಲ್ಲಿ ಯಾವ ಹಗ್ಗವೂ ಇರಲಿಲ್ಲ. ಪೋಲೆಂಡಿನಲ್ಲಿ ಇತ್ತು. 1941ರ ಅಕ್ಟೋಬರಿನಲ್ಲಿ ಅಲ್ಲಿನ ಜರ್ಮನ್ ಆಡಳಿತಗಾರ ಹಾನ್ಸ್ ಫ್ರಾಂಕ್ ಆದೇಶ ಹೊರಡಿಸಿದ: ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಬಿಟ್ಟು ಹೊರಬಂದ ಯಹೂದಿಗೆ ಮರಣದಂಡನೆ, ಅವನಿಗೆ ನೆಲೆ ಕೊಟ್ಟವನಿಗೂ ಮರಣದಂಡನೆ. ಅದು ಬರಿಯ ಬೆದರಿಕೆಯ ಕಾಗದವಾಗಿರಲಿಲ್ಲ. ಮಾರ್ಕೊವಾ ಎಂಬ ಹಳ್ಳಿಯಲ್ಲಿ ಯೂಜೆಫ್ ಮತ್ತು ವಿಕ್ಟೋರಿಯಾ ಉಲ್ಮಾ ಎಂಬ ರೈತ ದಂಪತಿ 8 ಜನ ಯಹೂದಿಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. 1944ರ ಮಾರ್ಚ್ 24ರಂದು ಜರ್ಮನ್ ಪೊಲೀಸರು ಆ 8 ಜನರನ್ನೂ, ದಂಪತಿಯನ್ನೂ, ಅವರ 6 ಮಕ್ಕಳನ್ನೂ ಕೊಂದರು. ವಿಕ್ಟೋರಿಯಾ ಆಗ ತುಂಬು ಗರ್ಭಿಣಿ.

ಇಂಥ ಶಿಕ್ಷೆಯ ನೆರಳಿನಲ್ಲಿ ಒಬ್ಬರನ್ನು ಬಚ್ಚಿಡುವುದೆಂದರೆ ಒಂದು ಕ್ಷಣದ ಸಾಹಸವಲ್ಲ, ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯಬೇಕಾದ ಮನೆಗೆಲಸ. ನಮ್ಮ ಕಡೆಯ ಓಣಿಗಳನ್ನು ಬಲ್ಲವರು ಇದನ್ನು ಸುಲಭವಾಗಿ ಊಹಿಸಬಹುದು. ಮಾಳಿಗೆಗೆ ಮಾಳಿಗೆ ಅಂಟಿಕೊಂಡಿರುವ ಓಣಿಯಲ್ಲಿ ನಾಲ್ಕು ಜನರ ಮನೆಯೊಳಗೆ ಎಂಟು ಜನರಿಗೆ ರೊಟ್ಟಿ ಬಡಿದರೆ ಆ ಸಪ್ಪಳವೇ ಗುಟ್ಟು ಬಿಟ್ಟುಕೊಡುತ್ತದೆ. ಜ್ವರ ಬಂದರೆ ವೈದ್ಯರನ್ನು ಕರೆಯುವಂತಿಲ್ಲ, ಕೂಸು ಅತ್ತರೆ ಸುಮ್ಮನಾಗಿಸಬೇಕು, ನೀರು, ಬಟ್ಟೆ, ಮಲಮೂತ್ರ ಎಲ್ಲದಕ್ಕೂ ದಾರಿ ಹುಡುಕಬೇಕು. ಅಡಗಿದ್ದವರು ತೀರಿಕೊಂಡರೆ ಮಣ್ಣು ಮಾಡುವುದೂ ರಾತ್ರಿ ಕದ್ದು ಮಾಡುವ ಕೆಲಸ. ಯುದ್ಧಕಾಲದ ಯುರೋಪಿನಲ್ಲಿ ಬ್ರೆಡ್ಡು ರೇಷನ್ ಕಾರ್ಡಿನ ಮೇಲೆ ಸಿಗುತ್ತಿತ್ತು. ಅಡಗಿದವನಿಗೆ ಕಾರ್ಡು ಎಲ್ಲಿಂದ ಬರಬೇಕು? ಅದಕ್ಕೆ ಸುಳ್ಳು ಕಾರ್ಡು ಮಾಡುವವನು ಬೇಕು, ಅದನ್ನು ನೋಡಿಯೂ ನೋಡದಂತೆ ಬ್ರೆಡ್ಡು ಕೊಡುವ ಅಂಗಡಿಯವನು ಬೇಕು. ಒಬ್ಬರನ್ನು ಉಳಿಸಲು ಹತ್ತಾರು ಕೈಗಳು ಬೇಕಾಗುತ್ತಿದ್ದವು. ಹಿಡಿದುಕೊಡಲು ಒಂದು ನಾಲಿಗೆ ಸಾಕಾಗಿತ್ತು. ಯಾದ್ ವಾಶೆಂ ಪಟ್ಟಿಯಲ್ಲಿ ಒಂದು ಹೆಸರು ಕಂಡರೆ ಅದರ ಹಿಂದೆ ಪಟ್ಟಿಗೆ ಬಾರದ ಒಂದು ಓಣಿಯೇ ಇದೆ ಎಂದು ತಿಳಿಯಬೇಕು.

ವಾರ್ಸಾದ ಇರೇನಾ ಸೆಂಡ್ಲರ್ ಅವರ ಕೆಲಸವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆಕೆ ನಗರಸಭೆಯ ಸಮಾಜ ಕಲ್ಯಾಣ ವಿಭಾಗದ ನೌಕರಳು. ಸಾಂಕ್ರಾಮಿಕ ರೋಗದ ತಪಾಸಣೆಗೆಂದು ಘೆಟ್ಟೊ ಒಳಗೆ ಹೋಗುವ ಪರವಾನಗಿ ಆಕೆಗಿತ್ತು. ಜರ್ಮನ್ನರಿಗೆ ಟೈಫಸ್ಸಿನ ಭಯ ಇದ್ದದ್ದರಿಂದ ಸಿಕ್ಕ ಪರವಾನಗಿ ಅದು. ಅದನ್ನೇ ಬಳಸಿ ಆಕೆಯೂ ಸಂಗಡಿಗರೂ ಮಕ್ಕಳನ್ನು ಹೊರಗೆ ಸಾಗಿಸಿದರು. ಆ ಜಾಲದಿಂದ ಉಳಿದ ಮಕ್ಕಳ ಸಂಖ್ಯೆಯನ್ನು ಸುಮಾರು 2,500 ಎಂದು ಹೇಳುತ್ತಾರೆ. ಹೊರಗೆ ತಂದ ಕೂಡಲೇ ಕೆಲಸ ಮುಗಿಯಲಿಲ್ಲ. ಮಗುವಿಗೆ ಬೇರೆ ಹೆಸರು, ಬೇರೆ ಪ್ರಾರ್ಥನೆ, ಬೇರೆ ಮನೆ ಬೇಕು. ಯುದ್ಧ ಮುಗಿದ ಮೇಲೆ ಮಗುವನ್ನು ಅದರ ಜನರಿಗೆ ಒಪ್ಪಿಸಬೇಕಾದರೆ ನಿಜವಾದ ಹೆಸರು ಎಲ್ಲಾದರೂ ಉಳಿದಿರಬೇಕು. ಸೆಂಡ್ಲರ್ ಆ ಹೆಸರುಗಳನ್ನು ತೆಳು ಕಾಗದದ ಮೇಲೆ ಬರೆದಿಟ್ಟರು. ಆ ಪಟ್ಟಿಗಳನ್ನು ಆಮೇಲೆ ಗಾಜಿನ ಭರಣಿಗಳಲ್ಲಿ ಹಾಕಿ ಹೂಳಿಡಲಾಯಿತು. 1943ರ ಅಕ್ಟೋಬರಿನಲ್ಲಿ ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆಕೆಯನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿತು, ಆಕೆ ಹೆಸರುಗಳನ್ನು ಬಿಟ್ಟುಕೊಡಲಿಲ್ಲ. ಸಂಗಡಿಗರು ಲಂಚ ಕೊಟ್ಟು ಬಿಡಿಸಿದರು. ಆಕೆ ಬಳಸಿದ ಆಯುಧಗಳನ್ನು ಗಮನಿಸಿ: ಒಂದು ಪರವಾನಗಿ ಚೀಟಿ, ಕಚೇರಿಯ ರಿಜಿಸ್ಟರುಗಳ ಪರಿಚಯ, ಯಾವ ಅನಾಥಾಲಯದ ಸನ್ಯಾಸಿನಿಯನ್ನು ನಂಬಬಹುದು ಎಂಬ ತಿಳಿವಳಿಕೆ. ಇವೆಲ್ಲ ಯುದ್ಧಕ್ಕೆ ಮುಂಚೆಯೇ ಆಕೆಯ ಉದ್ಯೋಗದಲ್ಲಿ ಗಳಿಸಿದ್ದವು.

ಇನ್ನು ಎರಡನೆಯ ಮಾತಿಗೆ ಬರುತ್ತೇನೆ. ಕಾಪಾಡಿದವರು ಎಂಥವರು? ಸ್ಯಾಮ್ಯುಯೆಲ್ ಆಲಿನರ್ ಮತ್ತು ಪರ್ಲ್ ಆಲಿನರ್ ಎಂಬ ದಂಪತಿ ಈ ಪ್ರಶ್ನೆಯ ಮೇಲೆ ದೊಡ್ಡ ಅಧ್ಯಯನ ನಡೆಸಿ 1988ರಲ್ಲಿ ಪುಸ್ತಕ ಪ್ರಕಟಿಸಿದರು. ಸ್ಯಾಮ್ಯುಯೆಲ್ ಸ್ವತಃ ಪೋಲೆಂಡಿನಲ್ಲಿ ಒಬ್ಬ ರೈತ ಹೆಣ್ಣುಮಗಳ ನೆರವಿನಿಂದ ಬದುಕುಳಿದ ಹುಡುಗ. ಅವರು 400ಕ್ಕೂ ಹೆಚ್ಚು ರಕ್ಷಕರನ್ನು ಮಾತಾಡಿಸಿದರು, ಕಾಪಾಡದೆ ಇದ್ದವರನ್ನೂ ಮಾತಾಡಿಸಿ ಹೋಲಿಸಿ ನೋಡಿದರು. ಈ ಎರಡು ಗುಂಪುಗಳ ನಡುವೆ ಧರ್ಮಶ್ರದ್ಧೆಯಲ್ಲಾಗಲಿ, ಶ್ರೀಮಂತಿಕೆಯಲ್ಲಾಗಲಿ ಅವರು ದೊಡ್ಡ ಅಂತರ ಕಾಣಲಿಲ್ಲ. ಅಂತರ ಕಂಡದ್ದು ಬೆಳೆದ ಬಗೆಯಲ್ಲಿ. ರಕ್ಷಕರ ತಂದೆತಾಯಿಗಳು ಹೊಡೆತಕ್ಕಿಂತ ತಿಳಿಹೇಳುವುದನ್ನು ಹೆಚ್ಚು ನೆಚ್ಚಿದ್ದರು. ಈ ಸಭೆಯಲ್ಲಿ ಅಧ್ಯಾಪಕರು ಹೆಚ್ಚಾಗಿರುವುದರಿಂದ ಈ ಅಂಶವನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಅಂಶ ನನ್ನ ವಾದಕ್ಕೆ ಇನ್ನೂ ಮುಖ್ಯ: ಸುಮಾರು ಮೂರರಲ್ಲಿ ಎರಡು ಪಾಲು ರಕ್ಷಕರು ಮೊದಲ ಬಾರಿ ನೆರವಾದದ್ದು ಯಾರೋ ಬಂದು ಕೇಳಿಕೊಂಡಾಗ. ತಾವಾಗಿ ಹೊರಟು ಹುಡುಕಿ ಕಾಪಾಡಿದವರು ಕಡಿಮೆ. ಕೇಳಿಕೊಳ್ಳಲು ಬರಬೇಕಾದರೆ ಬಾಗಿಲು ಗೊತ್ತಿರಬೇಕು, ಬಾಗಿಲ ಒಳಗಿನವನ ಸ್ವಭಾವ ಗೊತ್ತಿರಬೇಕು. ಗುರುತಿಲ್ಲದವನ ಬಾಗಿಲು ತಟ್ಟುವ ಧೈರ್ಯ ಓಡಿ ಬಂದವನಿಗೆ ಎಲ್ಲಿಂದ ಬರುತ್ತದೆ?

ಅಲ್ಬೇನಿಯಾದ ವೆಸೆಲಿ ಕುಟುಂಬದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೋಶೆ ಮಾಂಡಿಲ್ ಯುಗೊಸ್ಲಾವಿಯಾದ ಯಹೂದಿ, ಉದ್ಯೋಗ ಫೋಟೋಗ್ರಫಿ. ಜರ್ಮನ್ನರು ಬಂದಾಗ ಹೆಂಡತಿ ಮಕ್ಕಳೊಂದಿಗೆ ಓಡುತ್ತ ಕೊನೆಗೆ ಅಲ್ಬೇನಿಯಾದ ರಾಜಧಾನಿ ಟಿರಾನಾ ತಲುಪಿದ. ಅಲ್ಲಿ ಒಂದು ಫೋಟೋ ಸ್ಟುಡಿಯೋ ಕಂಡು ಒಳಗೆ ಹೋದರೆ, ಅದರ ಮಾಲೀಕ ಹಿಂದೆ ಮಾಂಡಿಲನ ತಂದೆಯ ಕೈಕೆಳಗೆ ಕೆಲಸ ಕಲಿತವನು. ಮಾಂಡಿಲನಿಗೆ ಕೆಲಸ ಸಿಕ್ಕಿತು. ಅದೇ ಸ್ಟುಡಿಯೋದಲ್ಲಿ ರೆಫಿಕ್ ವೆಸೆಲಿ ಎಂಬ ಹದಿಹರೆಯದ ಮುಸ್ಲಿಂ ಹುಡುಗ ಕೆಲಸ ಕಲಿಯುತ್ತಿದ್ದ. 1943ರಲ್ಲಿ ಜರ್ಮನ್ನರು ಅಲ್ಬೇನಿಯಾಕ್ಕೂ ಬಂದಾಗ ರೆಫಿಕ್ ತನ್ನ ಗುರುವಿನ ಕುಟುಂಬವನ್ನು ಬೆಟ್ಟದ ಊರಾದ ಕ್ರುಯಾದಲ್ಲಿದ್ದ ತಂದೆತಾಯಿಯ ಮನೆಗೆ ಕರೆದೊಯ್ದ. ದೊಡ್ಡವರು ದನದ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿದರು, ಮಕ್ಕಳು ಮನೆಯ ಮಕ್ಕಳೊಂದಿಗೆ ಬೆರೆತುಹೋದರು. 1944ರ ಕೊನೆಯವರೆಗೆ ಹೀಗೆ ನಡೆಯಿತು. 1987ರಲ್ಲಿ ಯಾದ್ ವಾಶೆಂ ಗೌರವ ಪಡೆದ ಮೊದಲ ಅಲ್ಬೇನಿಯನ್ನರು ಇವರೇ. ಅತಿಥಿಯನ್ನು ಪ್ರಾಣ ಕೊಟ್ಟಾದರೂ ಕಾಯಬೇಕೆಂಬ ಹಳೆಯ ಕಟ್ಟಳೆ ಆ ನಾಡಿನಲ್ಲಿದೆ, ಕಥೆ ಹೇಳುವವರೆಲ್ಲ ಅದನ್ನು ನೆನೆಯುತ್ತಾರೆ. ಅದು ಸರಿಯೇ. ಆದರೆ ಆ ಕಟ್ಟಳೆ ಕೆಲಸಕ್ಕೆ ಬರುವ ಮೊದಲು ಮಾಂಡಿಲ್ ಅತಿಥಿಯಾಗಬೇಕಿತ್ತು, ಅವನನ್ನು ಅತಿಥಿಯನ್ನಾಗಿ ಮಾಡಿದ್ದು ಎರಡು ತಲೆಮಾರಿನ ಕಸುಬಿನ ನಂಟು.

ಫ್ರಾನ್ಸಿನ ಲೆ ಶಾಂಬೊನ್ ಸುತ್ತಲಿನ ಬೆಟ್ಟದ ಹಳ್ಳಿಗಳ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪಾದ್ರಿ ಆಂದ್ರೆ ತ್ರೋಕ್ಮೆ, ಅವರ ಪತ್ನಿ ಮಾಗ್ದಾ ಮತ್ತು ಆ ಸೀಮೆಯ ರೈತ ಮನೆಗಳು ಸಾವಿರಾರು ನಿರಾಶ್ರಿತರಿಗೆ, ಅವರಲ್ಲಿ ಬಹಳಷ್ಟು ಯಹೂದಿಗಳಿಗೆ, ನೆಲೆ ಕೊಟ್ಟವು. ಪಾದ್ರಿಯ ಬಂಧುವೂ ಶಿಕ್ಷಕನೂ ಆದ ದಾನಿಯೆಲ್ ತ್ರೋಕ್ಮೆ ತನ್ನ ವಿದ್ಯಾರ್ಥಿಗಳೊಂದಿಗೆ ಸೆರೆಯಾಗಿ 1944ರಲ್ಲಿ ಮಜ್ದಾನೆಕ್ ಶಿಬಿರದಲ್ಲಿ ಸತ್ತ. ಆ ಹಳ್ಳಿಗರು ಪ್ರಾಟೆಸ್ಟಂಟರು, ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಶತಮಾನಗಳ ಹಿಂದೆ ತಾವೇ ಬೇಟೆಗೆ ಸಿಕ್ಕಿದ್ದವರ ಸಂತತಿ. ಅಲ್ಲಿ ಕೆಲಸ ಮಾಡಿದ್ದು ಕಸುಬಿನ ನಂಟಲ್ಲ, ನೋವಿನ ನೆನಪು ಮತ್ತು ಒಂದೇ ಚರ್ಚಿಗೆ ವಾರವಾರವೂ ಸೇರುವ ಜನರ ಒಗ್ಗಟ್ಟು. ಹಾಗಾಗಿ ನನ್ನ ವಾದವನ್ನು ಕಸುಬಿಗೆ ಮಾತ್ರ ಕಟ್ಟಿಹಾಕುವುದಿಲ್ಲ. ಮೊದಲೇ ಕಟ್ಟಿದ ಯಾವುದೋ ಒಂದು ಕೂಟ ಅಲ್ಲಿತ್ತು ಎಂಬುದಷ್ಟನ್ನು ಹಿಡಿದುಕೊಳ್ಳುತ್ತೇನೆ.

ಇದಕ್ಕೆ ಎದುರಾಗಿ ನಿಲ್ಲುವ ಸಂಗತಿಯನ್ನು ಮರೆಮಾಡಬಾರದು. ನೆದರ್ಲೆಂಡಿನಲ್ಲಿ ಯಹೂದಿಗಳು ನೆರೆಹೊರೆಯೊಂದಿಗೆ ಚೆನ್ನಾಗಿಯೇ ಬೆರೆತಿದ್ದರು. ಆದರೂ ಸುಮಾರು 1,40,000 ಜನರಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು. ಅದೇ ಡೆನ್ಮಾರ್ಕಿನಲ್ಲಿ 1943ರ ಅಕ್ಟೋಬರಿನಲ್ಲಿ 7,200ರಷ್ಟು ಯಹೂದಿಗಳನ್ನು ದೋಣಿಗಳಲ್ಲಿ ಕೂರಿಸಿ ಸ್ವೀಡನ್ನಿಗೆ ದಾಟಿಸಿಬಿಟ್ಟರು. ಡೇನರು ಒಳ್ಳೆಯವರು, ಡಚ್ಚರು ಕೆಟ್ಟವರು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಡೆನ್ಮಾರ್ಕಿನ ಎದುರಿಗೆ ಕಿರಿದಾದ ಜಲಸಂಧಿ, ಆಚೆ ದಡದಲ್ಲಿ ತಟಸ್ಥ ದೇಶ. ನೆದರ್ಲೆಂಡಿಗೆ ಅಂಥ ಆಚೆ ದಡವಿರಲಿಲ್ಲ. ಅಲ್ಲಿನ ಜನಸಂಖ್ಯಾ ದಾಖಲೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಯಾರು ಎಲ್ಲಿದ್ದಾರೆಂಬುದು ಕಚೇರಿಯಲ್ಲೇ ಸಿಗುತ್ತಿತ್ತು. ಒಡನಾಟವೊಂದೇ ಸಾಲದು, ದಾರಿಯೂ ಬೇಕು, ಮುನ್ಸೂಚನೆಯೂ ಬೇಕು. ಡೆನ್ಮಾರ್ಕಿಗೆ ಮುನ್ಸೂಚನೆ ಕೊಟ್ಟವನು ಜರ್ಮನ್ ರಾಯಭಾರ ಕಚೇರಿಯ ಡಕ್ವಿಟ್ಜ್ ಎಂಬ ಅಧಿಕಾರಿ. ಆದರೆ ದಾರಿ, ಸೂಚನೆ ಎರಡೂ ಇದ್ದು ಕೇಳುವ ಬಾಗಿಲೇ ಇಲ್ಲದಿದ್ದರೆ ಯಾರೂ ಉಳಿಯುವುದಿಲ್ಲ.

ಈಗ ಮೂರನೆಯ ಹಾಗೂ ನಮಗೆ ಅತ್ಯಂತ ಹತ್ತಿರದ ಭಾಗ. ಹಿನ್ನೆಲೆ ನಿಮಗೆ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. 1947ರ ನವೆಂಬರಿನಲ್ಲಿ ನಿಜಾಮರಿಗೂ ಭಾರತ ಸರ್ಕಾರಕ್ಕೂ ಯಥಾಸ್ಥಿತಿ ಒಪ್ಪಂದವಾಯಿತು. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಅದಾದ ಮೇಲೂ ಹೆಚ್ಚಿತು. ನಿಮ್ಮದೇ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ವಿಮೋಚನಾ ಚಳವಳಿಯ ಮುಂದಾಳಾಗಿ ಜೈಲಿನಲ್ಲಿದ್ದರು. ಕಲಬುರಗಿ, ಬೀದರ್, ರಾಯಚೂರು ಸೀಮೆಯ ಹಳ್ಳಿಗಳಿಂದ ಜನ ಗಡಿ ದಾಟಿ ಬಂದರು. ಗಡಿಯುದ್ದಕ್ಕೂ, ಮುಂಡರಗಿ, ಗಜೇಂದ್ರಗಡದಂಥ ಕಡೆಗಳಲ್ಲಿ, ಹೋರಾಟದ ಶಿಬಿರಗಳು ನಡೆದವು. 1948ರ ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ದೊಡ್ಡ ಹತ್ಯಾಕಾಂಡ ನಡೆಸಿದಾಗ ಮಹಾದಪ್ಪ ಡುಮಣೆ ಅವರ ವಾಡೆಯೊಳಗೆ ಸೇರಿಕೊಂಡ ಊರವರು ಉಳಿದುಕೊಂಡರು. ರಜಾಕಾರರನ್ನು ಬಹಿರಂಗವಾಗಿ ವಿರೋಧಿಸಿದ ಉರ್ದು ಪತ್ರಿಕೆ ‘ಇಮ್ರೋಜ್’ನ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಸೆಪ್ಟೆಂಬರ್ 13ಕ್ಕೆ ಭಾರತ ಸರ್ಕಾರ ಆರಂಭಿಸಿದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿದು ಸಂಸ್ಥಾನ ಭಾರತದ ಭಾಗವಾಯಿತು.

ಇಷ್ಟಕ್ಕೆ ಕಥೆ ಮುಗಿಯಿತೆಂದು ಪಠ್ಯಪುಸ್ತಕಗಳು ನಿಲ್ಲಿಸುತ್ತವೆ. ಮುಗಿಯಲಿಲ್ಲ. ಮುಂದಿನ ವಾರಗಳಲ್ಲಿ ಸೇಡು ತಿರುಗಿಬಿತ್ತು, ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಹಳ್ಳಿಗರ ಮೇಲೆ ಬಿತ್ತು. ಭಾರತ ಸರ್ಕಾರ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ನಿಯೋಗವನ್ನು ಕಳುಹಿಸಿತು. ಸುಂದರಲಾಲರು ಬ್ರಿಟಿಷರು ನಿಷೇಧಿಸಿದ್ದ ಇತಿಹಾಸ ಗ್ರಂಥವನ್ನು ಬರೆದ ಕಾಂಗ್ರೆಸ್ಸಿಗ, ಗಾಂಧೀವಾದಿ. ನಿಯೋಗ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಾಡಿತು, ತಾನು ಹೋಗಲಾಗದ 109 ಹಳ್ಳಿಗಳ ಸುಮಾರು 500 ಜನರನ್ನೂ ವಿಚಾರಿಸಿತು. ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ಪೈಕಿ ಎರಡು ನಮ್ಮ ಭಾಷೆಯ ಜಿಲ್ಲೆಗಳು, ಒಂದು ಭೀಮೆಯ ಆಚೆ ದಂಡೆ. ವರದಿಯನ್ನು ಸರ್ಕಾರ ಒಪ್ಪಲಿಲ್ಲ, ದಶಕಗಳ ಕಾಲ ಅದು ಪ್ರಕಟವಾಗಲಿಲ್ಲ. ಅಂಕಿಗಳ ಬಗ್ಗೆ ವಿವಾದ ಇಂದಿಗೂ ಇದೆ.

ಆ ವರದಿಯಲ್ಲಿ, ಕೊಲೆ ಸುಲಿಗೆಗಳ ವಿವರದ ನಡುವೆ, ಒಂದು ಸಣ್ಣ ಭಾಗವಿದೆ. ಅಂಕಿಗಳ ಜಗಳದಲ್ಲಿ ಅದನ್ನು ಯಾರೂ ಸರಿಯಾಗಿ ಓದಿಲ್ಲವೆಂದು ನನ್ನ ಅನಿಸಿಕೆ. ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು, ಗಂಡಸರನ್ನೂ ಹೆಂಗಸರನ್ನೂ, ತಮ್ಮ ಜೀವಕ್ಕೆ ಎರವಾಗಿಯೂ ಕಾಪಾಡಿದ ಅನೇಕ ನಿದರ್ಶನಗಳನ್ನು ತಾವು ಕಂಡೆವೆಂದು ನಿಯೋಗ ದಾಖಲಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಈ ಸಹಭಾವ ಒಂದೇ ಕಸುಬಿನವರ ನಡುವೆ ಹೆಚ್ಚಾಗಿತ್ತೆಂದು ಗುರುತಿಸಿ ನೇಕಾರರನ್ನು ಉದಾಹರಿಸುತ್ತದೆ. ಹಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ದಾಳಿಕೋರರಿಂದ ಕಾಪಾಡಿದರು, ಅದಕ್ಕಾಗಿ ದೊಡ್ಡ ಬೆಲೆ ತೆತ್ತರು, ಪ್ರಾಣವನ್ನೂ ಕಳೆದುಕೊಂಡರು. ಅಪಹೃತ ಮುಸ್ಲಿಂ ಹೆಣ್ಣುಮಕ್ಕಳನ್ನು ಮರಳಿ ತರಲು ಅನೇಕ ಹಿಂದೂಗಳು ನೆರವಾದದ್ದನ್ನೂ ವರದಿ ಹೇಳುತ್ತದೆ. ಆಲಿನರ್ ದಂಪತಿಯ ಅಧ್ಯಯನಕ್ಕೆ ನಲವತ್ತು ವರ್ಷ ಮೊದಲು, ಎತ್ತಿನ ಗಾಡಿಯ ದಾರಿಗಳಲ್ಲಿ ಓಡಾಡಿದ ಮೂವರು ಈ ಸೂಕ್ಷ್ಮವನ್ನು ಕಂಡಿದ್ದರು.

ನೇಕಾರರೇ ಯಾಕೆ? ಈ ಭಾಗದ ಮಗ್ಗದ ಊರುಗಳನ್ನು ಬಲ್ಲವರಿಗೆ ಉತ್ತರ ಕಷ್ಟವಲ್ಲ. ನೇಯ್ಗೆ ಒಬ್ಬನ ಕೆಲಸವಲ್ಲ. ನೂಲು ತರುವವನು, ಬಣ್ಣ ಹಾಕುವವನು, ಹಾಸು ಹೂಡುವವನು, ನೇಯುವವನು, ಸಾಲ ಕೊಟ್ಟು ಬಟ್ಟೆ ಕೊಳ್ಳುವ ಸಾಹುಕಾರ, ಇವರು ಒಬ್ಬರನ್ನೊಬ್ಬರು ಬಿಟ್ಟು ಬದುಕಲಾರರು. ನೂಲಿನ ಬೆಲೆ ಏರಿದರೆ ಹಿಂದೂ, ಮುಸ್ಲಿಂ ನೇಕಾರರಿಬ್ಬರ ಒಲೆಯೂ ಆರುತ್ತದೆ. ಹೀಗೆ ಒಟ್ಟಿಗೆ ಸಾಲ ಮಾಡಿ, ಒಟ್ಟಿಗೆ ಸಾಹುಕಾರನೊಂದಿಗೆ ಜಗಳಾಡಿ ಬದುಕಿದವನ ಹೆಸರು ಹೊರಗಿನಿಂದ ಬಂದ ಗುಂಪಿನ ಬಾಯಲ್ಲಿ ಬರಿಯ ಜಾತಿಯ ಹೆಸರಾದಾಗ, ಪಕ್ಕದ ಮಗ್ಗದವನಿಗೆ ಅದು ಸುಳ್ಳೆಂದು ತಟ್ಟನೆ ತಿಳಿಯುತ್ತದೆ. ಆಶುತೋಷ್ ವಾರ್ಷ್ಣೇಯ ಅವರು ಭಾರತದ 6 ನಗರಗಳನ್ನು ಜೋಡಿಜೋಡಿಯಾಗಿ ಹೋಲಿಸಿ 2002ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಒತ್ತಾಸೆಯಾಗುತ್ತದೆ. ವ್ಯಾಪಾರ ಸಂಘ, ಕಾರ್ಮಿಕ ಸಂಘ, ವೃತ್ತಿಯ ಕೂಟಗಳಲ್ಲಿ ಹಿಂದೂ ಮುಸ್ಲಿಮರು ಜೊತೆಯಾಗಿದ್ದ ನಗರಗಳು ಗಲಭೆಯ ಗಾಳಿಯನ್ನು ತಡೆದುಕೊಂಡವು ಎಂಬುದು ಅವರ ನಿಲುವು. ಲಖನೌದ ಕಸೂತಿ ಬಟ್ಟೆಯ ಉದ್ಯಮ ಅವರು ಕೊಡುವ ಉದಾಹರಣೆಗಳಲ್ಲೊಂದು.

ಈ ಸಭೆಯಲ್ಲಿ ಸಹಜವಾಗಿ ಏಳುವ ಆಕ್ಷೇಪವೊಂದಿದೆ. ನಮ್ಮ ಸೀಮೆಯಲ್ಲಿ ಕೂಡುಬಾಳ್ವೆಗೆ ಬೇರೆಯೇ ಪರಂಪರೆಯಿದೆ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಊರೆಲ್ಲ ಸೇರುತ್ತದೆ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಹೆಸರು ನಮ್ಮ ನಾಲಿಗೆಯ ಮೇಲಿದೆ. ಇಷ್ಟು ಸಾಲದೆ, ಕಸುಬಿನ ಲೆಕ್ಕ ಯಾಕೆ ಎಂದು ಕೇಳಬಹುದು. ಈ ಪರಂಪರೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಇವೆಲ್ಲ 1948ರಲ್ಲೂ ಇದ್ದವು, ಇಂದಿಗಿಂತ ಗಟ್ಟಿಯಾಗಿ ಇದ್ದವು. ಬಸವಣ್ಣನವರ ಕಲ್ಯಾಣ ಇದ್ದ ಬೀದರ್ ಜಿಲ್ಲೆಯಲ್ಲೇ ಎರಡು ಬಗೆಯ ಕೊಲೆಗಳೂ ನಡೆದವು. ವರ್ಷಕ್ಕೊಮ್ಮೆ ಬರುವ ಹಬ್ಬದ ಸಖ್ಯ ಕಷ್ಟದ ದಿನಕ್ಕೆ ತಾನಾಗಿ ಒದಗುವುದಿಲ್ಲ. ದಿನದಿನದ ಕೊಡುಕೊಳ್ಳುವಿಕೆ ಅದರ ಕೆಳಗೆ ಇದ್ದಾಗ ಒದಗುತ್ತದೆ. ಕಾಯಕವನ್ನು ಶರಣರು ಧರ್ಮದ ನಡುಮನೆಗೆ ತಂದದ್ದನ್ನು ನೆನೆದರೆ, ನಾನು ಹೇಳುತ್ತಿರುವುದು ಈ ನೆಲಕ್ಕೆ ಹೊರಗಿನ ಮಾತಲ್ಲ.

ಎರಡನೆಯ ಆಕ್ಷೇಪ ಹೋಲಿಕೆಯ ಬಗ್ಗೆ. ಯಹೂದಿಗಳ ನರಮೇಧವನ್ನು ಹೈದರಾಬಾದಿನ ಘಟನೆಗಳೊಂದಿಗೆ ಒಂದೇ ಉಸಿರಿನಲ್ಲಿ ಹೇಳಬಹುದೇ? ಅವು ಒಂದೇ ಅಲ್ಲ. ಅಲ್ಲಿ ಒಂದು ಪ್ರಬಲ ರಾಜ್ಯ ಕಾನೂನು, ರೈಲು, ಕಾರ್ಖಾನೆಗಳನ್ನು ಜೋಡಿಸಿ ಒಂದು ಜನಾಂಗವನ್ನೇ ಭೂಮಿಯಿಂದ ಅಳಿಸಲು ವರ್ಷಗಟ್ಟಲೆ ದುಡಿಯಿತು. ಇಲ್ಲಿ ಮೊದಲು ಒಂದು ಖಾಸಗಿ ಪಡೆ ಸಂಸ್ಥಾನದ ಕೃಪೆಯಲ್ಲಿ ದೌರ್ಜನ್ಯ ಮಾಡಿತು, ಆಮೇಲೆ ಆಡಳಿತ ಕುಸಿದ ಕೆಲವು ವಾರಗಳಲ್ಲಿ ಸೇಡು ನಡೆಯಿತು. ಸಾವಿನ ಯಂತ್ರಗಳನ್ನು ನಾನು ಹೋಲಿಸುತ್ತಿಲ್ಲ, ಬಾಗಿಲ ಬಳಿ ನಿಂತ ಮನುಷ್ಯನ ಎದುರಿಗಿದ್ದ ಆಯ್ಕೆಯನ್ನು ಹೋಲಿಸುತ್ತಿದ್ದೇನೆ. ಆ ಆಯ್ಕೆ ಮಾರ್ಕೊವಾದಲ್ಲೂ ಹೈದರಾಬಾದ್ ಸಂಸ್ಥಾನದ ನೇಕಾರರ ಓಣಿಯಲ್ಲೂ ಒಂದೇ ತೆರನಾಗಿತ್ತು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಾಪಾಡಿದವರ ಕಥೆ ಹೇಳುತ್ತ ಹೋದರೆ ಕೊಂದವರ ಅಪರಾಧ ತಿಳಿಯಾಗುವುದಿಲ್ಲವೇ? ಯುರೋಪಿನಲ್ಲಿ ಕೆಲವು ಸರ್ಕಾರಗಳು ತಮ್ಮ ರಕ್ಷಕರ ಪಟ್ಟಿಯನ್ನು ಮುಂದೆ ಹಿಡಿದು ತಮ್ಮ ಜನರ ಪಾಲುದಾರಿಕೆಯನ್ನು ಮುಚ್ಚಲು ನೋಡಿದ್ದುಂಟು. ಹಾಗೆ ಬಳಸಿದರೆ ಅದು ಸತ್ತವರಿಗೂ ರಕ್ಷಕರಿಗೂ ಮಾಡುವ ದ್ರೋಹ. ಸರಿಯಾಗಿ ಹೇಳಿದರೆ ಪರಿಣಾಮ ತದ್ವಿರುದ್ಧ. ಆಗಿನ ಕಾಲವೇ ಹಾಗಿತ್ತು, ಯಾರೇನು ಮಾಡಲು ಸಾಧ್ಯವಿತ್ತು ಎಂಬುದು ಕೊಂದವರ ಮತ್ತು ಸುಮ್ಮನೆ ನೋಡಿದವರ ಸಾಮಾನ್ಯ ಸಮಜಾಯಿಷಿ. ಪಕ್ಕದ ಮನೆಯವನು ಬೇರೆ ರೀತಿ ನಡೆದುಕೊಂಡ ಎಂಬ ಒಂದು ಸಾಕ್ಷ್ಯ ಸಿಕ್ಕರೆ ಆ ಸಮಜಾಯಿಷಿ ಬಿದ್ದುಹೋಗುತ್ತದೆ. ರಕ್ಷಕನ ಹೆಸರು ಅಪರಾಧವನ್ನು ಕರಗಿಸುವುದಿಲ್ಲ, ನಿಖರವಾಗಿ ತೋರಿಸುತ್ತದೆ. ಹಾಗೆಯೇ ರಕ್ಷಕರನ್ನು ಅವರಿದ್ದಂತೆ ತೋರಿಸಬೇಕು. ಡೆನ್ಮಾರ್ಕಿನ ಮೀನುಗಾರರಲ್ಲಿ ಹಲವರು ದಾಟಿಸಲು ದೊಡ್ಡ ಮೊತ್ತ ಪಡೆದರು. ದೋಣಿ ಮುಟ್ಟುಗೋಲಾದರೆ ಅವರ ಬದುಕೇ ಹೋಗುತ್ತಿತ್ತು ಎಂಬುದೂ ನಿಜ. ಹಣವನ್ನೇ ಷರತ್ತಾಗಿ ಇಟ್ಟವರನ್ನು ಯಾದ್ ವಾಶೆಂ ತನ್ನ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ಹಣ ಕೊಟ್ಟು ದಾಟಿದವನ ಮೊಮ್ಮಗಳು ಇಂದು ಬದುಕಿದ್ದಾಳೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ನಿಲುವು.

ಹಳೆಯ ಗಾಯ ಕೆದಕಬೇಡಿ ಎನ್ನುವವರಿಗೆ ಒಂದೇ ಉತ್ತರ. ಗಾಯ ಈಗಾಗಲೇ ಕೆದಕಲ್ಪಡುತ್ತಿದೆ. ಪ್ರತಿವರ್ಷ ಸೆಪ್ಟೆಂಬರ್ 17 ಬಂದಾಗ ಒಂದು ಕಡೆಯವರು ರಜಾಕಾರರನ್ನು ಮಾತ್ರ, ಇನ್ನೊಂದು ಕಡೆಯವರು ಆಮೇಲಿನ ವಾರಗಳನ್ನು ಮಾತ್ರ ನೆನೆಯುತ್ತಾರೆ. ಎರಡನ್ನೂ ಸೇರಿಸಿ ಹೇಳಲು ಯೋಗ್ಯತೆ ಇರುವವರು ಎರಡೂ ಕಾಲದಲ್ಲಿ ನೆರೆಯವರನ್ನು ಕಾಯ್ದವರು. ಅವರ ಹೆಸರೇ ನಮ್ಮಲ್ಲಿಲ್ಲ. ಸುಂದರಲಾಲರ ವರದಿ ನೇಕಾರರೆಂದು ಹೇಳಿತು, ಯಾವ ಊರು, ಯಾವ ಮನೆ ಎಂದು ಹೇಳಲಿಲ್ಲ. ಯಾದ್ ವಾಶೆಂನ ಪಟ್ಟಿ ಮುಖ್ಯವಾಗಿ ಬದುಕುಳಿದವರ ಸಾಕ್ಷ್ಯದ ಮೇಲೆ ನಿಂತಿದೆ: ಉಳಿದವನು ಬಂದು ಹೇಳಬೇಕು, ಸಮಿತಿ ಪರಿಶೀಲಿಸಬೇಕು, ಆಮೇಲೆ ಹೆಸರು ಸೇರಬೇಕು. ಯುದ್ಧ ಮುಗಿದು ಹದಿನೆಂಟು ವರ್ಷಕ್ಕೆ ಅವರು ಆ ಕೆಲಸ ಆರಂಭಿಸಿದ್ದರು. ನಮಗೆ ಮುಕ್ಕಾಲು ಶತಮಾನ ಕಳೆದಿದೆ.

ಆದ್ದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳಿಗೆ ನನ್ನ ವಿನಂತಿ ಇದು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರದಲ್ಲಿದ್ದಾರೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನರಿಗೆ ಭೀಮೆಯ ಆಚೆ ಅಫಜಲಪುರದಲ್ಲಿ, ಕೃಷ್ಣೆಯ ಆಚೆ ಲಿಂಗಸುಗೂರಿನಲ್ಲಿ, ಹಳೆಯ ಗಡಿಯಾಚೆಯ ಜೇವರ್ಗಿ, ಸುರಪುರದಲ್ಲಿ ಬೀಗರು, ಬಂಧುಗಳಿದ್ದಾರೆ. ಮುಂದಿನ ರಜೆಯಲ್ಲಿ ಅವರನ್ನು ಅಲ್ಲಿಗೆ ಕಳುಹಿಸಿ. ಯಾರು ಯಾರನ್ನು ಕೊಂದರು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳಿದ್ದಾರೆ. ಅವರು ಬೇರೆ ಪ್ರಶ್ನೆಗಳನ್ನು ಕೇಳಲಿ: ಯಾರ ಮನೆಯಲ್ಲಿ ಯಾರು ಎಷ್ಟು ದಿನ ಇದ್ದರು, ಯಾರು ಬಂದು ಕೇಳಿಕೊಂಡರು, ಇಬ್ಬರ ಕಸುಬು ಏನಾಗಿತ್ತು, ಓಣಿಯಲ್ಲಿ ಇನ್ನಾರಿಗೆ ಗೊತ್ತಿತ್ತು, ಊಟ ಎಲ್ಲಿಂದ ಬಂತು, ಆಮೇಲೆ ಅವರಿಗೆ ಏನಾಯಿತು. ಹಿಂದೂವೋ ಮುಸ್ಲಿಮನೋ ಎಂದು ನೋಡದೆ ಎರಡೂ ಬಗೆಯ ಕಥೆಯನ್ನು ಬರೆದುಕೊಳ್ಳಲಿ. ಹೇಳಿದವರ ಒಪ್ಪಿಗೆ ಪಡೆದು, ಇನ್ನೊಬ್ಬರ ಮಾತಿನೊಂದಿಗೆ ತಾಳೆ ನೋಡಿ, ಊರು ಮತ್ತು ಓಣಿಯ ಹೆಸರಿನೊಂದಿಗೆ ಆ ಪುಟಗಳನ್ನು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಡಿ. ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ, ತಡಮಾಡಲು ಸಮಯವೂ ಇಲ್ಲ. ದಯವಿಟ್ಟು ಈ ವರ್ಷವೇ ಆರಂಭಿಸಿ.